ಸರಿಮಾಡಿದ ಕಂಠಿ

"ಅಕ್ಕಾ, ನನಗೆ ಆ ತಾಮ್ರದ್ದೇ ವಾಪಸ್ ಕೊಟ್ಬಿಡಿ."

ಅಂಗಡಿಯ ಮೆಟ್ಟಿಲು ಹತ್ತಿದವಳೇ ಕಂಡಕ್ಟರಮ್ಮ ಆಡಿದ ಮೊದಲ ಮಾತು ಅದು. ಮೈಮೇಲೆ ಗರಿಗರಿ ಇಸ್ತ್ರಿಯ ಸಮವಸ್ತ್ರ, ಎಡ ಹೆಗಲಿಗೆ ಟಿಕೆಟ್ ಚೀಲ, ಕೈಯಲ್ಲಿ ಹಿಂದಿನ ದಿನವಷ್ಟೇ ಇಲ್ಲಿಂದ ಒಯ್ದ ಡಬ್ಬಿ. ಡಬ್ಬಿಯೊಳಗೆ ಬೆಳ್ಳಿಯ ಕಂಠಿ. ಅವತ್ತು ಅವಳ ನೌಕರಿಯ ಕೊನೆಯ ದಿನ. ಇನ್ನು ಸ್ವಲ್ಪ ಹೊತ್ತಿಗೆ ಹೊರಡುವ ಬಸ್ಸು ಅವಳ ಕೊನೆಯ ಬಸ್ಸು. ಹೊಸ ಕಂಠಿ ಹಾಕಿಕೊಂಡೇ ಅದನ್ನು ಹತ್ತಬೇಕೆಂದು ಅವಳಿಗೆ ಆಸೆಯಿತ್ತು, ಆ ಆಸೆಯನ್ನು ಡಿಪೋದಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡೂ ಆಗಿತ್ತು.

ಕಿಟಕಿಯ ಬಳಿ ಕೂತು ಓಲೆಯ ತಿರುಪಿಗೆ ಅರ ಉಜ್ಜುತ್ತಿದ್ದ ತಂಗಿ ತಲೆಯೆತ್ತಿದಳು.

"ಯಾವ ತಾಮ್ರದ್ದು?"

"ಅದೇ ಅಕ್ಕ, ಮೊದಲು ಹಾಕ್ಕೊಂಡು ಓಡಾಡಿ ಅಂತ ಕೊಟ್ಟಿದ್ರಲ್ಲ, ತಂತಿ. ಅದು ಕುತ್ತಿಗೇಲಿದ್ದಿದ್ದೇ ಗೊತ್ತಾಗ್ತಿರಲಿಲ್ಲ. ಇದು ನೋಡಿ, ಹಾಕಿದ ತಕ್ಷಣ ಒಂದು ಕಡೆ ಎದ್ದು ನಿಲ್ಲುತ್ತೆ, ಇನ್ನೊಂದು ಕಡೆ ಮೂಳೆಗೆ ಒತ್ತುತ್ತೆ. ತಪ್ಪು ನಿಮ್ಮದಲ್ಲ ಬಿಡಿ. ನನ್ನ ಹೆಗಲೇ ಸೊಟ್ಟ. ಬೆಳ್ಳಿಗೂ ನನಗೂ ಆಗಿಬರಲ್ಲ ಅನ್ಸುತ್ತೆ."

ನಗುತ್ತಲೇ ಹೇಳಿದಳು. ಆದರೆ ನಗುವಾಗ ಕೈ ತಾನಾಗಿ ಎಡ ಹೆಗಲಿಗೆ ಹೋಗಿ, ಅದನ್ನು ಯಾರಿಗೂ ಕಾಣದಂತೆ ಮುಚ್ಚಿಕೊಂಡಿತು. ತಂಗಿ ನೋಡಿದ್ದು ಆ ಕೈಯನ್ನು. ಅರ ಕೆಳಗಿಟ್ಟಳು.

ತಂಗಿ ಎಂದರೆ ಯಾರ ತಂಗಿ ಎಂದು ಆ ಬೀದಿಯಲ್ಲಿ ಯಾರೂ ಕೇಳುವುದಿಲ್ಲ. ಅಂಗಡಿಗೆ ಅಪ್ಪನ ಕಾಲದ ಒಂದು ಬೋರ್ಡು ಇದ್ದರೂ ಅದನ್ನು ಓದಿದವರಿಲ್ಲ. ಎಲ್ಲರ ಬಾಯಲ್ಲೂ ಅದು ಅಣ್ಣ-ತಂಗಿ ಅಂಗಡಿ. ಕಿಟಕಿಯ ಬೆಳಕಿನಲ್ಲಿ ಕೂತು ಒಡವೆ ಮಾಡುವವಳು ತಂಗಿ, ಅದಕ್ಕೆ ಹೊಳಪು ಕೊಟ್ಟು, ಡಬ್ಬಿಗೆ ಹಾಕಿ, ಗಿರಾಕಿಯ ಕೈಗೆ ಕೊಡುವವನು ಅಣ್ಣ. ಕೂದಲು ನೆರೆತ ತಂಗಿಯನ್ನು ಅವನು ಇನ್ನೂ ಪುಟ್ಟಿ ಎಂದೇ ಕರೆಯುತ್ತಾನೆ. ಒಳ್ಳೆಯ ಮನುಷ್ಯ. ಒಂದೇ ಕಾಯಿಲೆ: ಸೊಟ್ಟ ಇದ್ದದ್ದನ್ನು ಕಂಡರೆ ಅವನಿಗೆ ತಡೆಯುವುದಿಲ್ಲ. ಟವೆಲನ್ನು ಅಂಚಿಗೆ ಅಂಚು ಕೂಡಿಸಿ ಮಡಿಸದಿದ್ದರೆ ಊಟ ಸೇರುವುದಿಲ್ಲ. ಯಾರದೋ ಮನೆಗೆ ಹೋದಾಗಲೂ ಗೋಡೆಯ ಫೋಟೊ ವಾಲಿದ್ದರೆ ಎದ್ದು ಹೋಗಿ ನೆಟ್ಟಗೆ ಮಾಡಿ ಬರುತ್ತಾನೆ. ಮನೆಯವರು ನಗುತ್ತಾರೆ, ಅವನೂ ನಗುತ್ತಾನೆ.

ತಂಗಿಯೂ ಒಂದು ಕಾಲಕ್ಕೆ ಹಾಗೇ ಇದ್ದಳು. ಅಪ್ಪನ ದಿನಗಳಲ್ಲಿ ಕೆಲಸ ಶುರುವಾಗುತ್ತಿದ್ದುದು ಅಚ್ಚಿನಿಂದ. ಕಬ್ಬಿಣದ ಅಚ್ಚಿನ ಮೇಲೆ ತಗಡಿಟ್ಟು ಹೊಡೆದರೆ ಹೂವು, ಇನ್ನೊಂದರ ಮೇಲೆ ಹೊಡೆದರೆ ಎಲೆ. ಲಂಗ ಉಡುವ ವಯಸ್ಸಿನಲ್ಲಿ ಅವಳು ಮಾಡಿದ್ದೆಲ್ಲ ಅದೇ ಹೂವು, ಅದೇ ಎಲೆ. ಆಮೇಲೆ ಪೆನ್ಸಿಲ್ಲಿನ ಹುಚ್ಚು ಹತ್ತಿತು. ಕಾಗದವನ್ನು ಎರಡಾಗಿ ಮಡಿಸಿ, ಒಂದು ಮಗ್ಗುಲಿಗೆ ಬಳ್ಳಿ ಬರೆದು, ಮಡಿಕೆಯ ಮೇಲೆ ಉಗುರಿನಿಂದ ಒತ್ತಿ ಇನ್ನೊಂದು ಮಗ್ಗುಲಿಗೆ ಇಳಿಸುವುದು. ಎಡಕ್ಕಿದ್ದದ್ದೇ ಬಲಕ್ಕೆ, ಕೂದಲೆಳೆಯ ವ್ಯತ್ಯಾಸವಿಲ್ಲ. ಅಣ್ಣನಿಗೆ ಆ ಕಾಲದ ತಂಗಿಯೆಂದರೆ ಈಗಲೂ ಪ್ರಾಣ. "ಆಗ ನಮ್ಮ ಪುಟ್ಟಿ ಕೈಯಲ್ಲಿ ತಕ್ಕಡಿ ಇತ್ತು" ಎನ್ನುತ್ತಾನೆ.

ಮಗಳು ಹುಟ್ಟಿದ ಮೇಲೆ ಕಾಗದ ಮಡಿಸಲು ಪುರುಸೊತ್ತೆಲ್ಲಿ? ಮಗುವಿನ ಬಟ್ಟೆ ಮಡಿಸುವುದರಲ್ಲೇ ಹಗಲು ಮುಗಿಯುತ್ತಿತ್ತು. ಹಾಲು ಉಕ್ಕುವುದರೊಳಗೆ ಒಂದು ಕೊಂಡಿ, ಮಗು ಏಳುವುದರೊಳಗೆ ಒಂದು ಬೆಸುಗೆ, ಹೀಗೆ ಕದ್ದ ಹೊತ್ತಿನಲ್ಲೇ ಕೆಲಸ. ಒಂದು ದಿನ ಮಗುವನ್ನು ಎತ್ತಿ ಎದೆಗೊರಗಿಸಿಕೊಂಡಾಗ, ತಾನೇ ಮಾಡಿ ಹಾಕಿಕೊಂಡಿದ್ದ ಪದಕದ ಹಿಂಬದಿಯ ಮೊನೆ ಅದರ ಕೆನ್ನೆಗೆ ಗೀರಿತು. ಸಣ್ಣ ಕೆಂಪು ಗೆರೆ, ಅಷ್ಟೇ. ಮಗು ಅತ್ತು ಮಲಗಿತು. ತಾಯಿಗೆ ಮಾತ್ರ ನಿದ್ದೆ ಬರಲಿಲ್ಲ. ಇಷ್ಟು ವರ್ಷ ತಾನು ಎದುರು ನಿಂತು ನೋಡುವವರಿಗೆ ಒಡವೆ ಮಾಡಿದ್ದೆ, ಹಾಕಿಕೊಂಡು ಓಡಾಡುವವರನ್ನು ಕೇಳಿಯೇ ಇರಲಿಲ್ಲ ಎಂದು ಅವಳಿಗೆ ಅನ್ನಿಸಿತು. ಅಲ್ಲಿಂದ ಮುಂದೆ ಅವಳ ಕೆಲಸ ಹಿಂಬದಿಯಿಂದ ಶುರುವಾಯಿತು. ಮೈಗೆ ತಾಗುವ ಕಡೆ ಮೊದಲು, ಕಣ್ಣಿಗೆ ಬೀಳುವ ಕಡೆ ಆಮೇಲೆ. ಮುಗಿದದ್ದನ್ನು ಒಮ್ಮೆ ತನ್ನ ಕೆನ್ನೆಗೆ ಉಜ್ಜಿ ನೋಡದೆ ಅಣ್ಣನ ಮೇಜಿಗೆ ದಾಟಿಸಿದ್ದಿಲ್ಲ.

ಈಚೆಗೆ ಅದೂ ಸಾಲದಾಗಿ ತಾಮ್ರದ ತಂತಿ ಬಂದಿತ್ತು. ದಪ್ಪ ತಂತಿಯನ್ನು ಕಾಯಿಸಿ ಮೆತ್ತಗೆ ಮಾಡಿ, ಅಂದಾಜಿನ ಆಕಾರಕ್ಕೆ ಬಗ್ಗಿಸಿ, "ಹೋಗಿ, ಇದನ್ನ ಹಾಕ್ಕೊಂಡು ನಿಮ್ಮ ಕೆಲಸ ನೀವು ಮಾಡ್ಕೊಂಡಿರಿ" ಎಂದು ಕಳಿಸುವಳು. ಅವರು ಪಾತ್ರೆ ತಿಕ್ಕಲಿ, ಮಕ್ಕಳನ್ನು ಎತ್ತಲಿ, ಜಗಳವಾಡಲಿ. ಮೆತ್ತನೆಯ ತಂತಿ ಮೈ ಹೇಳಿದ ಕಡೆ ಬಾಗಿ, ಮೈ ತಳ್ಳಿದ ಕಡೆ ಸರಿದು, ಕೆಲವು ದಿನಕ್ಕೆ ತನ್ನ ಜಾಗ ತಾನೇ ಹುಡುಕಿಕೊಂಡಿರುತ್ತಿತ್ತು. ವಾಪಸು ಬಂದ ತಂತಿಯನ್ನು ನೋಡಿ ಅದೇ ಬಾಗಿಗೆ ಬೆಳ್ಳಿಯನ್ನೋ ಚಿನ್ನವನ್ನೋ ಬಗ್ಗಿಸುವಳು. ಹೀಗೆ ಮಾಡಿದ್ದು ಮಖಮಲ್ಲಿನ ಮೇಲಿಟ್ಟರೆ ಅಡ್ಡಾದಿಡ್ಡಿ ಕಾಣುತ್ತಿತ್ತು. ಹಾಕಿಕೊಂಡವರ ಮೇಲೆ ಮಾತ್ರ ನೆಟ್ಟಗೆ ಕೂರುತ್ತಿತ್ತು.

ಕಂಡಕ್ಟರಮ್ಮ ಆ ತಂತಿ ಹಾಕಿಕೊಂಡು ಟಿಕೆಟ್ ಹರಿದಿದ್ದಳು, ಬ್ರೇಕಿನ ಹೊಡೆತಕ್ಕೆ ಕಂಬಿಗೆ ಜೋತಿದ್ದಳು, ಖಾಲಿ ಬಸ್ಸಿನಲ್ಲಿ ಕಿಟಕಿಗೊರಗಿ ತೂಕಡಿಸಿದ್ದಳು. "ಇದೇನ್ರೀ, ಕುತ್ತಿಗೆಗೆ ಕರೆಂಟ್ ವೈರು?" ಎಂದು ಡ್ರೈವರು ಕಿಚಾಯಿಸಿದರೆ, "ಹೌದು, ಮುಟ್ಟಿ ನೋಡಿ, ಗೊತ್ತಾಗುತ್ತೆ" ಅಂದಿದ್ದಳಂತೆ. ಅವಳ ನೌಕರಿಯುದ್ದಕ್ಕೂ ಆ ಚೀಲ ಎಡ ಹೆಗಲಿಗೆ ಜೋತು ಬಿದ್ದಿತ್ತು, ಹೆಗಲು ಇಳಿದುಹೋಗಿತ್ತು. ಹೀಗಾಗಿ ಅವಳು ಯಾವ ಸರ ಹಾಕಿದರೂ ಎಡಕ್ಕೆ ಜಾರುತ್ತಿತ್ತು, ಸರಿ ಮಾಡಿಕೊಳ್ಳುವುದರಲ್ಲೇ ಮದುವೆಮನೆಯ ಫೋಟೊಗಳಲ್ಲೆಲ್ಲ ಅವಳ ಕೈ ಕುತ್ತಿಗೆಯಲ್ಲೇ ಇರುತ್ತಿತ್ತು.

"ಇಲ್ಲಿ ಕೂತ್ಕೊಳ್ಳಿ" ಎಂದು ತಂಗಿ ಸ್ಟೂಲು ಎಳೆದು ಅವಳನ್ನು ಬೆಳಕಿಗೆ ಮುಖ ಮಾಡಿ ಕೂರಿಸಿದಳು. ಕಂಠಿ ಹಾಕಿದಳು. ಮೂರು ಗಟ್ಟಿ ಪಟ್ಟಿಗಳು, ನಡುವೆ ಸಣ್ಣ ಕೀಲುಗಳು, ಹಿಂದೆ ಕೊಂಡಿ. ಎಡ ಪಟ್ಟಿ ಹೆಗಲಿನ ಮೇಲೆ ಗಾಳಿಯಲ್ಲಿ ನಿಂತಿತ್ತು. ಬಲ ಪಟ್ಟಿ ಕೊರಳ ಮೂಳೆಗೆ ಒತ್ತಿ ಆಗಲೇ ಕೆಂಪು ಮಾಡುತ್ತಿತ್ತು. ಬೆರಳಾಡಿಸಿ ನೋಡಿದಳು. ಎಡ, ಬಲ ಎರಡೂ ಒಂದೇ ಬಾಗು. ಕನ್ನಡಿಯಲ್ಲಿ ಕಂಡಂತೆ ಒಂದೇ.

ತಂಗಿಗೆ ಮೊದಲು ಬಂದದ್ದು ಸಿಟ್ಟಲ್ಲ, ಹೆದರಿಕೆ. ಎಡವನ್ನು ಇಳಿಸಿ ಬಗ್ಗಿಸಿದ್ದು ನೆನಪಿದೆ. ಹೆಬ್ಬೆರಳಿಗೆ ಆ ನೋವು ಇನ್ನೂ ಇದೆ. ಹಾಗಾದರೆ ಇದು ಯಾವುದು? ಬಗ್ಗಿಸಿದೆ ಅಂದುಕೊಂಡು ಬಗ್ಗಿಸದೆ ಬಿಟ್ಟೆನೇ? ಕೈ ಒಂದು ಮಾಡುವುದು, ತಲೆ ಇನ್ನೊಂದು ನೆನೆಯುವುದು ಶುರುವಾಯಿತೇ? ಒಲೆ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮರಳುವುದು ಈ ವಯಸ್ಸಿನಲ್ಲಿ ಯಾರಿಗಿಲ್ಲ? ಆದರೆ ಬೆರಳು ಎಂದೂ ಮರೆತದ್ದಿಲ್ಲ.

ಆ ತಾಮ್ರದ ತಂತಿಯೊಂದನ್ನು ನೋಡಿದರೆ ತಿಳಿಯುತ್ತದೆ ಎಂದು ಡ್ರಾಯರು ಎಳೆದಳು. ತಂತಿ ಸಿಕ್ಕಿತು. ಬಾಗೆಲ್ಲ ಹೋಗಿ, ಹೊಸದರಂತೆ ನೆಟ್ಟಗಾಗಿ, ಸುತ್ತಿನ ಮೇಲೆ ಸುತ್ತು ಒಂದಿಷ್ಟೂ ಆಚೀಚೆಯಾಗದೆ ಸುರುಳಿಯಾಗಿ ಕೂತಿತ್ತು. ಅಂಥ ಸುರುಳಿ ಸುತ್ತುವವನು ಆ ಅಂಗಡಿಯಲ್ಲಿ ಒಬ್ಬನೇ.

"ಅಣ್ಣ, ಈ ಕಂಠಿನ ನೀನು ಮುಟ್ಟಿದ್ಯಾ?"

ಗಲ್ಲಾದ ಹಿಂದಿನಿಂದ ಅಣ್ಣ, "ಮುಟ್ಟದೆ ಪಾಲಿಶ್ ಮಾಡೋಕೆ ನನಗೆ ಮಾಟ ಬರುತ್ತಾ?" ಅಂದ.

"ಪಾಲಿಶ್ ಕೇಳಿಲ್ಲ ನಾನು. ಬಗ್ಗಿಸಿದ್ಯಾ?"

ಅವನು ಕಂಡಕ್ಟರಮ್ಮನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. "ಒಳಗೆ ಮಾತಾಡೋಣ ಬಾ ಪುಟ್ಟಿ."

"ಇಲ್ಲೇ ಮಾತಾಡು. ಕಂಠಿ ಇವರದ್ದು, ಕುತ್ತಿಗೆ ಇವರದ್ದು. ಒಳಗೆ ಯಾಕೆ?"

"ಅಯ್ಯೋ, ಸ್ವಲ್ಪ ಸೊಟ್ಟ ಆಗಿತ್ತು. ಗುಂಡು ಸರಳಿನ ಮೇಲಿಟ್ಟು ಮರದ ಸುತ್ತಿಗೇಲಿ ಎರಡು ತಟ್ಟಿದೆ. ಸರಿ ಆಯ್ತು. ಅದಕ್ಕೆ ಇಷ್ಟು ರಂಪ ಯಾಕೆ?"

"ನಾನು ಬೇಕು ಅಂತ ಬಗ್ಗಿಸಿದ್ದು ಅದು."

"ಹಾಗೇ ಅಂದ್ಕೋ" ಎಂದ ಅಣ್ಣ. ತುಂಬ ಮೆತ್ತಗೆ, ಜ್ವರ ಬಂದ ಮಗುವಿನೊಂದಿಗೆ ಮಾತಾಡುವ ದನಿಯಲ್ಲಿ.

ಆ ದನಿ ಅವಳ ನೆತ್ತಿಗೇರಿತು. ಬೈದಿದ್ದರೆ ಸಹಿಸುತ್ತಿದ್ದಳು. ಮಕ್ಕಳನ್ನು ಸಾಕಿದವಳಿಗೆ ಬೈಗುಳ ಹೊಸದಲ್ಲ. ಆದರೆ ಆ ಕರುಣೆ! ಅದು ಹೊಸದಾಗಿ ಹುಟ್ಟಿದ ಕರುಣೆಯಲ್ಲ, ಬಹಳ ದಿನದಿಂದ ರೂಢಿಯಾದದ್ದು ಎಂದು ಅವಳಿಗೆ ಒಂದೇ ಕ್ಷಣದಲ್ಲಿ ತಿಳಿದುಹೋಯಿತು.

"ಇದೊಂದೇನಾ?"

ಅಣ್ಣ ಗಲ್ಲಾದ ಮೇಲೆ ಇಲ್ಲದ ಧೂಳು ಒರೆಸಿದ.

"ಅಣ್ಣ, ಕೇಳ್ತಾ ಇದೀನಿ. ಇದೊಂದೇನಾ?"

"ಅದನ್ನೆಲ್ಲ ಲೆಕ್ಕ ಯಾರು ಇಟ್ಟಿರ್ತಾರೆ? ಸೊಟ್ಟ ಕಂಡಿದ್ದನ್ನ ಸರಿ ಮಾಡಿದ್ದೀನಿ. ನಿನ್ನ ಒಳ್ಳೇದಕ್ಕೇ."

ತಂಗಿಗೆ ಲೆಕ್ಕದ ಟೀಚರು ನೆನಪಾದರು. ಅವರ ಒಂದು ಕಿವಿಯ ತೂತು ಇನ್ನೊಂದಕ್ಕಿಂತ ಕೆಳಗಿತ್ತು, ಅದಕ್ಕೆಂದೇ ಒಂದು ಜುಮುಕಿಯ ಕೊಕ್ಕೆಯನ್ನು ಗಿಡ್ಡ ಮಾಡಿದ್ದಳು. ಅದನ್ನೂ ಎಳೆದು ಸಮ ಮಾಡಿದ್ದನೇ? ಬೇಕರಿಯವಳು ನೆನಪಾದಳು. ಹಿಟ್ಟು ನಾದಿ ಗೆಣ್ಣು ಊದಿದ ಅವಳ ಕೈಗೆಂದು ಬಳೆಯನ್ನು ಮೊಟ್ಟೆಯಾಕಾರಕ್ಕೆ ಒತ್ತಿದ್ದಳು. ಅದನ್ನೂ ಗುಂಡಗೆ? ಆಮೇಲೆ ಟೀಚರು ಬೀದಿಯ ಆ ಮಗ್ಗುಲಿನಿಂದಲೇ ನಡೆಯತೊಡಗಿದ್ದನ್ನು, ಬೇಕರಿಯವಳ ಕೈ ಬರಿದಾಗಿಯೇ ಇದ್ದದ್ದನ್ನು ತಂಗಿ ನೋಡಿದ್ದಳು. ಏನೋ ಕಾರಣವಿರುತ್ತದೆ ಎಂದು ಸುಮ್ಮನಾಗಿದ್ದಳು. ಒಬ್ಬರೂ ಬಂದು ಜಗಳವಾಡಲಿಲ್ಲ. ಯಾಕೆ ಆಡುತ್ತಾರೆ? ಒಡವೆ ಕೂರದಿದ್ದರೆ ಹೆಂಗಸರು ಒಡವೆಯನ್ನು ಬೈಯುವುದಿಲ್ಲ, ತಮ್ಮ ಮೈಯನ್ನು ಬೈದುಕೊಳ್ಳುತ್ತಾರೆ. ನನ್ನ ಕಿವಿಯೇ ಹೀಗೆ, ನನ್ನ ಕೈಯೇ ದಪ್ಪ, ನನ್ನ ಹೆಗಲೇ ಸೊಟ್ಟ. ಆ ಮಾತು ಅವರ ಬಾಯಿಂದ ಇನ್ನು ಬರಬಾರದು ಎಂದು ತಾನು ಇಷ್ಟೆಲ್ಲ ಮಾಡಿದರೆ, ಬಾಗಿಲು ದಾಟುವ ಮುಂಚೆ ಅಣ್ಣ ಅದನ್ನು ಮತ್ತೆ ಅವರ ಮೈಗೇ ಹಚ್ಚಿ ಕಳಿಸುತ್ತಿದ್ದ. ಮೇಲೆ ಒಂದು ಡಬ್ಬಿ, ಡಬ್ಬಿಗೊಂದು ರಿಬ್ಬನ್ನು!

"ನನ್ನ ಒಳ್ಳೇದಕ್ಕೆ," ಅಂದಳು. "ನನಗೆ ಯಾವುದು ಒಳ್ಳೇದು ಅಂತ ನನ್ನೇ ಒಂದ್ಸಲ ಕೇಳಬಹುದಿತ್ತು. ನನ್ನ ಕಿಟಕಿಗೂ ನಿನ್ನ ಪಾಲಿಶ್ ಮೇಜಿಗೂ ಒಂದೇ ಗೋಡೆ ಅಡ್ಡ ಇರೋದು."

"ಕೇಳಿದ್ರೆ ನೀನು ನೊಂದ್ಕೋತಿದ್ದೆ. ಕಣ್ಣು ಸೋಲೋದು ತಪ್ಪಲ್ಲ ಪುಟ್ಟಿ, ಎಲ್ಲರಿಗೂ ಬರೋದೇ. ನಾನೇ ಹೇಳೋಣ ಅಂತಿದ್ದೆ. ಇನ್ಮೇಲೆ ಪಾಲಿಶ್ ನೀನು ನೋಡ್ಕೋ. ಕಿಟಕಿ ಹತ್ರ ನಾನು ಕೂರ್ತೀನಿ. ಅಪ್ಪನ ಅಚ್ಚುಗಳು ಇನ್ನೂ ಚೆನ್ನಾಗಿವೆ."

ಅವಳು ಏನೋ ಹೇಳಲು ಬಾಯಿ ತೆರೆದಳು, ಅಷ್ಟರಲ್ಲಿ ಒಳಬಾಗಿಲಲ್ಲಿ ಮಗಳು ಕಾಣಿಸಿಕೊಂಡಳು. ಕೈಯಲ್ಲಿ ಫೋನು. ಅಂಗಡಿಯ ಒಡವೆಗಳ ಫೋಟೊ ತೆಗೆದು ನಾಲ್ಕು ಜನಕ್ಕೆ ಕಾಣುವಂತೆ ಹಾಕುವುದು ಅವಳ ಕೆಲಸ.

"ಮಾವನ್ನ ಬೈಬೇಡಮ್ಮ," ಅಂದಳು. "ಹೇಳಿದ್ದು ನಾನೇ."

ತಾಯಿ ತಿರುಗಿ ನೋಡಿದಳು.

"ನಿನ್ನ ಒಡವೆ ಫೋಟೊ ಹಾಕಿದಾಗೆಲ್ಲ ಜನ ನಗ್ತಿದ್ರು. ಒಬ್ಬ ಬರೆದಿದ್ದ, ಇದನ್ನ ಮಾಡೋವಾಗ ಭೂಕಂಪ ಆಗಿತ್ತಾ ಅಂತ. ಇನ್ನೊಬ್ಬಳು, ಅಜ್ಜಿಗೆ ಕನ್ನಡಕ ಕೊಡ್ಸಿ ಅಂತ. ಎಷ್ಟು ಅಂತ ಅಳಿಸಲಿ ನಾನು? ನಿನಗೆ ತೋರ್ಸೋಕೆ ಮನಸ್ಸು ಬರ್ಲಿಲ್ಲ. ಫೋಟೊ ತೆಗೆಯೋ ಮುಂಚೆ ಒಂಚೂರು ನೆಟ್ಟಗೆ ಮಾಡಿ ಮಾವ ಅಂತ ನಾನೇ ಅಂದೆ."

ತಂಗಿ ಮಗಳ ಕೆನ್ನೆಯನ್ನೇ ನೋಡಿದಳು. ಅಣ್ಣನಾದರೆ ಅಣ್ಣ, ಫೋಟೊಗಳನ್ನು ನೆಟ್ಟಗೆ ಮಾಡುತ್ತಾ ಹುಟ್ಟಿದವನು. ಆದರೆ ಈ ಕೆನ್ನೆಯ ಮೇಲಿನ ಗೀರಿನಿಂದಲ್ಲವೇ ಎಲ್ಲ ಶುರುವಾದದ್ದು? ಇವಳನ್ನು ಎತ್ತಿಕೊಂಡು ಕಲಿತದ್ದನ್ನು ಇವಳೇ ಅಳಿಸಿಹಾಕಿದ್ದಳು. ಅದೂ ಪ್ರೀತಿಯಿಂದ. ಪ್ರೀತಿಯಿಂದ ಮಾಡಿದ್ದಕ್ಕೆ ಸಿಟ್ಟು ಮಾಡಬಾರದೆಂದು ಯಾರು ಹೇಳಿದವರು? ಅವಳಿಗೆ ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂದಿತ್ತು.

"ಅವರು ನಕ್ಕಿದ್ದು ಫೋನು ನೋಡಿ," ಅಂದಳು. "ಕುತ್ತಿಗೆ ನೋಡಿ ಯಾರಾದ್ರೂ ನಕ್ರಾ? ಹಾಕ್ಕೊಂಡವರಲ್ಲಿ ಒಬ್ಬರಾದ್ರೂ ನಕ್ರಾ? ಅವರನ್ನ ಕೇಳಿದ್ಯಾ?"

ಮಗಳು ತಲೆ ತಗ್ಗಿಸಿದಳು.

"ಇಲ್ಲ ತಾನೆ? ಕಂಡೋರನ್ನೆಲ್ಲ ಕೇಳ್ದೆ ನೀನು. ಕಂಡಿಲ್ಲದೋರನ್ನೂ ಕೇಳ್ದೆ. ನನ್ನನ್ನ ಮಾತ್ರ ಕೇಳ್ಲಿಲ್ಲ. ನಾನೇನು ಗೊಂಬೆನಾ, ನೀವಿಬ್ರೂ ಸೇರಿ ನನ್ನ ಕಣ್ಣು ಮುಚ್ಚಿ ಆಡ್ಸೋಕೆ?"

"ಅಕ್ಕ," ಕಂಡಕ್ಟರಮ್ಮ ಸ್ಟೂಲಿನಿಂದ ಅರ್ಧ ಎದ್ದಳು, "ನನ್ನಿಂದ ಮನೇಲಿ ಜಗಳ ಬೇಡ. ನಾನು ಹೀಗೇ ಹಾಕ್ಕೊಂಡು ಹೋಗ್ತೀನಿ. ಬಸ್ಸಿಗೆ ಹೊತ್ತಾಯ್ತು."

"ಕೂತ್ಕೊಳ್ಳಿ!"

ಆ ದನಿಗೆ ಕಂಡಕ್ಟರಮ್ಮ ಮಾತ್ರವಲ್ಲ, ಅಣ್ಣನೂ ತನ್ನ ಕುರ್ಚಿಯಲ್ಲಿ ಕೂತುಬಿಟ್ಟ.

"ಬಸ್ಸು ನಿಮ್ಮನ್ನ ಬಿಟ್ಟು ಹೋಗುತ್ತಾ? ಸೀಟಿ ಊದೋರು ನೀವೇ ತಾನೆ?"

ಕಂಡಕ್ಟರಮ್ಮನಿಗೆ ನಗು ಬಂತು. ತಂಗಿಗೆ ಬರಲಿಲ್ಲ. ಅವಳು ಚಿಮಟ ಹಿಡಿದು ಕೀಲುಗಳ ಸಣ್ಣ ಕಡ್ಡಿಗಳನ್ನು ಎಳೆದು ಮೂರು ಪಟ್ಟಿಗಳನ್ನೂ ಬೇರೆ ಮಾಡಿದಳು. ಒಂದು ಕಡ್ಡಿ ಕೆಳಗೆ ಬಿತ್ತು. ಮಗಳು ಹುಡುಕಲು ಬಗ್ಗಿದಳು.

"ನೀನು ಮುಟ್ಟಬೇಡ." ತಾನೇ ಮಂಡಿಯೂರಿ, ನೆಲದ ಮೇಲೆ ಒಮ್ಮೆ ಕಣ್ಣಾಡಿಸಿ, ಅದನ್ನು ಹೆಕ್ಕಿಕೊಂಡಳು. ಕಣ್ಣು ಸೋತವಳಿಗೆ ಅದು ಹೇಗೆ ಸಿಕ್ಕಿತು ಎಂದು ಅಣ್ಣನನ್ನು ಕೇಳಬೇಕೆನಿಸಿತು, ಕೇಳಲಿಲ್ಲ. ಈಗ ಪುರುಸೊತ್ತಿರಲಿಲ್ಲ.

ಎಡ ಪಟ್ಟಿಯನ್ನು ಗ್ಯಾಸಿನ ಉರಿಗೆ ಹಿಡಿದಳು. ಅಣ್ಣ ನಿನ್ನೆ ಕೊಟ್ಟಿದ್ದ ಹೊಳಪೆಲ್ಲ ಮಂಕಾಗಿ, ಬೆಳ್ಳಿ ಮೆಲ್ಲಗೆ ಕೆಂಪಿಗೆ ತಿರುಗುವುದನ್ನು ಕಾದು, ನೀರಿಗದ್ದಿದಳು. ಚೊಂಯ್ ಎಂದಿತು. ಅಣ್ಣನ ಮುಖ ಆ ಸದ್ದಿಗೆ ಕಿವುಚಿಕೊಂಡಿತು. ಒರೆಸಿ, ಬಿಸಿ ಆರಿತೇ ಎಂದು ತನ್ನ ಕೈಗೆ ತಾಗಿಸಿ ನೋಡಿ, ಆಮೇಲೆ ಅದನ್ನು ನೇರವಾಗಿ ಕಂಡಕ್ಟರಮ್ಮನ ಹೆಗಲ ಮೇಲಿಟ್ಟು ಅಳತೆ ನೋಡಿದಳು. ತೆಗೆದು ಹೆಬ್ಬೆರಳಿಂದ ಒಂದಿಷ್ಟು ಒತ್ತಿದಳು. ಮತ್ತೆ ಇಟ್ಟಳು. ಮತ್ತೆ ತೆಗೆದಳು.

"ಚೀಲ ಹಾಕ್ಕೊಳ್ಳಿ."

"ಈಗಲಾ?"

"ಬಸ್ಸಲ್ಲಿ ಚೀಲ ಬಿಟ್ಟು ನಿಲ್ತೀರಾ? ಹಾಕ್ಕೊಳ್ಳಿ. ಎದ್ದು ನಿಂತ್ಕೊಳ್ಳಿ. ಟಿಕೆಟ್ ಕೊಡಿ ನನಗೆ."

"ಎಲ್ಲಿಗೆ?" ಕಂಡಕ್ಟರಮ್ಮ ಅಭ್ಯಾಸಬಲದಿಂದ ಕೇಳಿ, ಕೈ ಚೀಲಕ್ಕೆ ಹಾಕಿ, ಮೈ ಎಡಕ್ಕೆ ವಾಲಿಸಿದಳು. "ಚಿಲ್ಲರೆ ಕೊಡಿ ಮೇಡಂ, ಒಳಗೆ ಹೋಗಿ, ಒಳಗೆ ಹೋಗಿ, ಬಾಗಿಲಲ್ಲಿ ನಿಂತು ಮದುವೆ ಮಾತು ಆಡಬೇಡಿ!"

ವಾಲಿದ ಆ ಹೆಗಲಿನ ಮೇಲೆ ತಂಗಿ ಪಟ್ಟಿಯನ್ನು ಹಿಡಿದು, ಎಲ್ಲಿ ಎದ್ದಿತೋ ಅಲ್ಲಿ ಒತ್ತಿ, ಎಲ್ಲಿ ಚುಚ್ಚಿತೋ ಅಲ್ಲಿ ಸಡಿಲಿಸಿ, ಹೊರಳಿಸಿ ನೋಡಿದಳು. ತಾಮ್ರದ ತಂತಿ ಎಷ್ಟೋ ದಿನದಲ್ಲಿ ತಿಳಿದುಕೊಂಡದ್ದನ್ನು ಅವಳು ಈಗ ಒಂದು ಚೂರು ಹೊತ್ತಿನಲ್ಲಿ ಬೆರಳಿನಿಂದಲೇ ಹುಡುಕಬೇಕಿತ್ತು. ಹೆಬ್ಬೆರಳು ನಡುಗಿತು. ವಯಸ್ಸಿನಿಂದಲ್ಲ, ಕೋಪದಿಂದ. ಕೈ ನಡುಗಿದರೆ ಅದನ್ನೂ ಅಣ್ಣ ತನ್ನ ಪರವಾಗಿ ಎಣಿಸಿಕೊಳ್ಳುತ್ತಾನೆ ಎಂದು ಹೊಳೆದು, ಅವಳು ಉಸಿರು ಬಿಗಿಹಿಡಿದು ನಿಂತಳು. ನಡುಕ ನಿಂತಿತು. ಬಲದ ಪಟ್ಟಿಗೂ ಹೀಗೇ ಮಾಡಿ, ಕೀಲು ಜೋಡಿಸಿ, ಅಂಚನ್ನೆಲ್ಲ ಕೆನ್ನೆಗೆ ಉಜ್ಜಿ ನೋಡಿ, ಕೊಂಡಿ ಹಾಕಿದಳು.

ಕಂಡಕ್ಟರಮ್ಮ ಎರಡು ಹೆಜ್ಜೆ ನಡೆದಳು. ಬಗ್ಗಿದಳು. ಬಸ್ಸು ಬ್ರೇಕು ಹಾಕಿದಂತೆ ಮುಂದಕ್ಕೆ ಮುಗ್ಗರಿಸಿ ನಿಂತಳು. ಕಂಠಿ ಅಲುಗಲಿಲ್ಲ. ಕನ್ನಡಿಯಲ್ಲಿ ನೋಡಿಕೊಂಡಳು. ಬಹಳ ಹೊತ್ತು ನೋಡಿಕೊಂಡಳು. ಕೈ ಹೆಗಲಿಗೆ ಹೋಗಲಿಲ್ಲ.

"ಮೈಗೆ ಅಂಟಿಕೊಂಡ ಹಾಗಿದೆಯಲ್ಲಾ," ಅಂದಳು, ಮೆಲ್ಲಗೆ.

"ಪಾಲಿಶ್ ಇಲ್ಲದೆ ಕಳಿಸ್ತೀಯಾ?" ಅಣ್ಣನಿಗೆ ತಡೆಯಲಾಗಲಿಲ್ಲ. "ಬೂದಿ ಮೆತ್ತಿದ ಹಾಗಿದೆ. ಅಪ್ಪ ನೋಡಿದ್ರೆ ಏನಂತಿದ್ರು?"

"ಇರ್ಲಿ ಬಿಡಿ ಅಣ್ಣಾವ್ರೇ, ನಮ್ಮ ಬಸ್ಸಿಗೂ ಪಾಲಿಶ್ ಇಲ್ಲ," ಎಂದು ಕಂಡಕ್ಟರಮ್ಮ ಮೆಟ್ಟಿಲಿಳಿದಳು. ಬೀದಿಯ ತಿರುವಿನವರೆಗೂ ತಂಗಿ ಕಿಟಕಿಯಿಂದ ಅವಳ ಬೆನ್ನು ನೋಡುತ್ತಿದ್ದಳು. ಒಂದು ಹೆಗಲು ತಗ್ಗು, ಒಂದು ಎತ್ತರ. ಅದೇ ನಡಿಗೆ, ಆದರೆ ಸರ ಎಳೆದುಕೊಳ್ಳುವ ಕೈ ಇರಲಿಲ್ಲ. ಕೈ ಬೀಸಿಕೊಂಡು ಹೋಗುತ್ತಿದ್ದಳು.

"ಆಯ್ತಲ್ಲ," ಎಂದ ಅಣ್ಣ. "ಅವಳಿಗೆ ಸರಿ ಹೋಯ್ತು, ಒಪ್ಕೋತೀನಿ. ಆದ್ರೂ ಗಾಜಿನ ಪೆಟ್ಟಿಗೇಲಿಟ್ರೆ ಸೊಟ್ಟದ್ದು ಸೊಟ್ಟಾನೇ. ಬರೋರು ಮೊದಲು ನೋಡೋದು ಪೆಟ್ಟಿಗೆ, ಪುಟ್ಟಿ. ಅಂಗಡಿ ನಡೀಬೇಕಲ್ಲ."

"ಗಾಜಿನ ಪೆಟ್ಟಿಗೆಗೆ ಕುತ್ತಿಗೆ ಇದ್ದಾಗ ಅದಕ್ಕೂ ಮಾಡ್ಕೊಡ್ತೀನಿ. ಈಗ ನಾನು ಹೇಳೋದು ಕೇಳು. ಇನ್ಮೇಲೆ ನಾನು ಮಾಡಿದ್ದನ್ನ ನಾನೇ ಹಾಕಿ ಕಳಿಸ್ತೀನಿ. ನಿನ್ನ ಮೇಜಿಗೆ ಅದು ಬರಲ್ಲ. ಮತ್ತೆ ನೀನು ಸರಿ ಮಾಡಿದ್ದೆಲ್ಲ ವಾಪಸ್ ಬರ್ಬೇಕು. ಒಂದೊಂದೂ."

"ಹುಚ್ಚು ಹಿಡಿದಿದೆಯಾ? ಕರೆದು ಏನಂತ ಹೇಳೋದು? ಊರೆಲ್ಲ ನಗುತ್ತೆ. ಅಂಗಡಿ ಹೆಸರು ಏನಾಗ್ಬೇಡ?"

"ನಗಲಿ. ಅವರು ಕನ್ನಡಿ ಮುಂದೆ ನಿಂತು ತಮ್ಮ ಮೈನ ತಾವೇ ಬೈಕೊಂಡ್ರಲ್ಲ, ಆಗ ಅಂಗಡಿ ಹೆಸರಿಗೆ ಏನೂ ಆಗ್ಲಿಲ್ವಾ?"

ಅಣ್ಣ ಎದ್ದು ಟವೆಲು ಕೊಡವಿದ. ಮಡಿಸಲು ಹೋದ, ಅಂಚು ಕೂಡಲಿಲ್ಲ, ಹಾಗೇ ಹೆಗಲಿಗೆ ಎಸೆದುಕೊಂಡು ಒಳಗೆ ಹೋದ.

ಮಗಳು ಅಲ್ಲೇ ನಿಂತಿದ್ದಳು. "ಅಮ್ಮಾ, ನನ್ನ ಜೊತೆ ಮಾತಾಡಲ್ವಾ?"

"ಮಾತಾಡ್ತೀನಿ," ಎಂದಳು ತಾಯಿ. "ಇವತ್ತಲ್ಲ."

ಹಾಗೆಂದವಳು ಸಂಜೆ ಎಂದಿನಂತೆ ಅಡುಗೆ ಮಾಡಿದಳು, ಮಗಳ ತಟ್ಟೆಗೆ ಎಂದಿನಂತೆ ಬಡಿಸಿದಳು. ಇನ್ನೂ ಸ್ವಲ್ಪ ಹಾಕಲಾ ಎಂದು ಮಾತ್ರ ಕೇಳಲಿಲ್ಲ. ಮಗಳು ತಟ್ಟೆಯಲ್ಲಿದ್ದಷ್ಟನ್ನೇ ಉಂಡು ಎದ್ದಳು.

ಮರುದಿನ ಅಂಗಡಿ ತೆರೆದಾಗ ತಂಗಿ ಕಿಟಕಿಯ ಬಳಿ ತನ್ನ ಜಾಗದಲ್ಲಿ ಕೂತಿದ್ದಳು. ಅಣ್ಣ ಬಂದ. ನಿಂತ. ಆ ಜಾಗವನ್ನೂ ಅವಳನ್ನೂ ನೋಡಿದ. ಅವಳು ಗದ್ದದಿಂದಲೇ ಫೋನಿನ ಕಡೆ ತೋರಿಸಿದಳು, ಅಷ್ಟೇ. ರಾತ್ರಿಯೆಲ್ಲ ಏನು ಯೋಚಿಸಿದ್ದನೋ, ಅಣ್ಣ ಗಂಟಲು ಸರಿ ಮಾಡಿಕೊಂಡು ಲೆಕ್ಕದ ಟೀಚರಿಗೆ ಫೋನು ಮಾಡಿದ.

"ನಮಸ್ಕಾರ ಮೇಡಂ. ಒಡವೆ ಅಂಗಡಿಯಿಂದ. ಹೇಗಿದ್ದೀರಿ? ಮನೇಲೆಲ್ಲ ಚೆನ್ನಾಗಿದ್ದಾರಾ? ಏನಿಲ್ಲ, ಆ ಜುಮುಕಿ ಇದೆಯಲ್ಲ, ಅದರಲ್ಲಿ ಒಂದು ಸಣ್ಣ… ತಂಗಿಗೆ ಈಗ ವಯಸ್ಸಾಯ್ತು ನೋಡಿ, ಹಾಗಾಗಿ ಒಂದು ಸಣ್ಣ…"

ತಂಗಿ ಅರ ಕೆಳಗಿಟ್ಟಳು. ಸದ್ದೇನೂ ಆಗಲಿಲ್ಲ. ಆದರೂ ಅಣ್ಣ ತಿರುಗಿ ನೋಡಿದ. ಅವಳು ಎದ್ದು ಬಂದು ಗಲ್ಲಾದ ಎದುರು, ಗಿರಾಕಿಗಳು ನಿಲ್ಲುವ ಜಾಗದಲ್ಲಿ, ಸೊಂಟಕ್ಕೆ ಕೈಯಿಟ್ಟು ನಿಂತಳು.

"ಶುರುವಿಂದ ಹೇಳು," ಅಂದಳು. "ಸುತ್ತಿಗೆ ಯಾರ ಕೈಲಿತ್ತು ಅಂತ ಹೇಳು."

ಫೋನಿನ ಆ ಕಡೆಯಿಂದ ಟೀಚರು ಹಲೋ, ಹಲೋ ಎನ್ನುತ್ತಿದ್ದರು. ಅಣ್ಣ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ.

"ಅದು ಮೇಡಂ… ತಂಗಿ ಸರಿಯಾಗೇ ಮಾಡಿದ್ಲು. ನಿಮ್ಮ ಕಿವಿ ನೋಡಿ, ಅದಕ್ಕೆ ತಕ್ಕ ಹಾಗೇ ಮಾಡಿದ್ಲು. ನಾನೇ ಕೊಕ್ಕೆ ಎಳೆದು ಕೆಡಿಸಿದೆ. ಹೌದು, ನಾನೇ. ಅವಳಿಗೆ ಹೇಳದೆ."

ಆ ಕಡೆಯಿಂದ ಟೀಚರು ಪಾಠ ಹೇಳಿ ಹೇಳಿ ದೊಡ್ಡದಾದ ದನಿಯಲ್ಲಿ ಅಂದದ್ದು ಅಂಗಡಿಯ ಮೂಲೆಗೂ ಕೇಳಿಸಿತು. "ಅಲ್ರೀ, ನನ್ನ ಕಿವಿಗೇ ಸರ್ಜರಿ ಮಾಡಿಸ್ಕೊಳ್ಳೋಣ ಅಂತ ಡಾಕ್ಟರ ಹತ್ರ ಹೋಗಿ ಬಂದೆನಲ್ರೀ ನಾನು!"

ಅಣ್ಣ ಕಣ್ಣು ಮುಚ್ಚಿದ. ಒಳಬಾಗಿಲಲ್ಲಿ ನಿಂತು ಕೇಳುತ್ತಿದ್ದ ಮಗಳು ಬಾಯಿಗೆ ಕೈ ಅಡ್ಡ ಹಿಡಿದಳು.

ತಂಗಿಗೆ ಅದನ್ನು ಕೇಳಿ ಗೆದ್ದೆ ಅನ್ನಿಸಲಿಲ್ಲ. ಹೊಸದಾಗಿ ಸಿಟ್ಟು ಬಂತು. ಕೈ ಚಾಚಿ ಫೋನು ತೆಗೆದುಕೊಂಡಳು.

"ಟೀಚರೇ, ನಿಮ್ಮ ಕಿವಿಗೆ ಏನೂ ಆಗಿಲ್ಲ," ಅಂದಳು. "ಇವತ್ತೇ ಬನ್ನಿ. ಜುಮುಕಿ ತನ್ನಿ." ಫೋನು ಅಣ್ಣನ ಕೈಗೇ ವಾಪಸು ಕೊಟ್ಟಳು. "ಈಗ ಬೇಕರಿಯವಳಿಗೆ ಮಾಡು."